ಹಾಸು ಮುಗಿದಾಗಿನ ಲೆಕ್ಕ: ಸ್ವತಂತ್ರ ಕಲಾವೃತ್ತಿಗೆ ನಿಯತ ಆತ್ಮಾವಲೋಕನ

ಸ್ವಂತ ಕೈಚಳಕವನ್ನೂ ಅಲ್ಪಸ್ವಲ್ಪ ಬಂಡವಾಳವನ್ನೂ ನಂಬಿ ವೃತ್ತಿ ನಡೆಸುವವರು ಇಂದು ದೊಡ್ಡ ನಗರಗಳಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣಸಿಗುತ್ತಾರೆ. ವಸ್ತ್ರವಿನ್ಯಾಸಗಾರರು, ಛಾಯಾಗ್ರಾಹಕರು, ಲಗ್ನಪತ್ರಿಕೆ ಹಾಗೂ ಜಾಹೀರಾತುಗಳನ್ನು ರೂಪಿಸುವವರು, ನಾಮಫಲಕ ಬರೆಯುವ ಕಲಾವಿದರು, ಕಸೂತಿ ಹಾಕುವ ಮಹಿಳೆಯರು, ಸ್ವಂತ ಮಗ್ಗದ ನೇಕಾರರು ಎಲ್ಲರೂ ಈ ವರ್ಗಕ್ಕೆ ಸೇರುತ್ತಾರೆ. ಇವರಿಗೆ ಮೇಲಧಿಕಾರಿಯಿಲ್ಲ, ಹಾಜರಿ ಪುಸ್ತಕವಿಲ್ಲ, ವರ್ಷಕ್ಕೊಮ್ಮೆ ಕರೆದು ಕೆಲಸದ ಗುಣದೋಷ ಹೇಳುವವರಿಲ್ಲ. ಈ ವೃತ್ತಿಗಳ ಆಕರ್ಷಣೆ ಇರುವುದು ಈ ಸ್ವಾತಂತ್ರ್ಯದಲ್ಲಿಯೇ. ಅಪಾಯ ಅಡಗಿರುವುದೂ ಇಲ್ಲಿಯೇ. ಕೇಳುವವರಿಲ್ಲದ ಕಡೆ ಪ್ರಶ್ನೆಗಳು ತಾವಾಗಿ ಹುಟ್ಟುವುದಿಲ್ಲ. ಅವು ಹುಟ್ಟುವ ವೇಳೆಗೆ ಸಾಲ ಬೆಳೆದಿರುತ್ತದೆ, ಗಿರಾಕಿ ಬೇರೆಡೆಗೆ ಹೋಗಿರುತ್ತಾನೆ, ಇಲ್ಲವೇ ಆರೋಗ್ಯ ಕೆಟ್ಟಿರುತ್ತದೆ.

ಆತ್ಮಾವಲೋಕನವೆಂದರೆ ಅದು ಅಧ್ಯಾತ್ಮದ ವಿಷಯ, ಹೊಟ್ಟೆ ತುಂಬಿದವರ ವಿಲಾಸ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿ ಇಲ್ಲದಿಲ್ಲ. ಆದರೆ ಸ್ವತಂತ್ರ ಕಲಾವೃತ್ತಿಯಲ್ಲಿ ಅದು ಕಚ್ಚಾಮಾಲಿನ ಖರೀದಿಯಷ್ಟೇ ಅಗತ್ಯವಾದ ಕೆಲಸ. ಅದನ್ನು ಮನಸ್ಸು ಬಂದಾಗ ಮಾಡದೆ ಗೊತ್ತುಪಡಿಸಿದ ದಿನದಂದು ಮಾಡಬೇಕು. ಮನಸ್ಸಿನಲ್ಲಿ ಮಾಡದೆ ಪುಸ್ತಕದಲ್ಲಿ ಮಾಡಬೇಕು. ಇದರ ಅರ್ಥವನ್ನು ತಿಳಿಯಲು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ.

ಕೂಲಿ ಮಗ್ಗ ಮತ್ತು ಸ್ವಂತ ಮಗ್ಗ

ಬಹುಕಾಲ ಬಾದಾಮಿ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಗುಳೇದಗುಡ್ಡದ ಹೆಸರು ಖಣದೊಂದಿಗೆ ಬೆಸೆದುಕೊಂಡಿದೆ. ಇಳಕಲ್ಲಿನ ಸೀರೆಗೆ ಗುಳೇದಗುಡ್ಡದ ಖಣ ಎಂಬುದು ಉತ್ತರ ಕರ್ನಾಟಕದ ಮನೆಮನೆಯ ಮಾತು. ಕುಪ್ಪಸಕ್ಕೆಂದೇ ನೇಯುವ ಈ ಬಟ್ಟೆ ಉಡಿ ತುಂಬುವುದಕ್ಕೆ, ದೇವಿಗೆ ಅರ್ಪಿಸುವುದಕ್ಕೆ, ಮದುವೆ ಸೀಮಂತಗಳಿಗೆ ಬೇಕೇ ಬೇಕು. ತೇರು, ಸೂರ್ಯನಾರಾಯಣ, ತುಳಸಿ, ಆನೆಹೆಜ್ಜೆ ಮೊದಲಾದ ಹೆಸರುಗಳುಳ್ಳ ಇದರ ಚಿತ್ತಾರಗಳು ತಲೆಮಾರುಗಳಿಂದ ಕೈಯಿಂದ ಕೈಗೆ ಬಂದಿವೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿಯೂ ಖಣಕ್ಕೆ ಇದೇ ಹೆಸರು, ಇದೇ ಗೌರವ.

ಈ ಊರಿನ ನೇಕಾರಿಕೆಯಲ್ಲಿ, ಇತರ ನೇಕಾರ ಊರುಗಳಲ್ಲಿರುವಂತೆ, ಎರಡು ಬಗೆಯ ದುಡಿಮೆಯಿದೆ. ಒಂದು ಕೂಲಿ ಮಗ್ಗ. ಇಲ್ಲಿ ನೂಲು ಮಾಲೀಕನದು, ಬಣ್ಣ ಚಿತ್ತಾರಗಳ ನಿರ್ಧಾರ ಅವನದು, ಮಾರಾಟದ ಹೊಣೆಯೂ ಅವನದೇ. ನೇಕಾರ ನೇಯ್ದು ಕೊಟ್ಟು ಕೂಲಿ ಪಡೆಯುತ್ತಾನೆ. ಕೂಲಿ ಸಾಲದೆಂಬ ದೂರು ನ್ಯಾಯವಾದುದೇ ಆದರೂ ಯಾವ ಮಾಲಿಗೆ ಬೇಡಿಕೆ ತಗ್ಗಿದೆ, ನೂಲಿನ ದರ ಎಷ್ಟು ಏರಿದೆ, ಮುಂದಿನ ಹಂಗಾಮಿಗೆ ಏನು ಬೇಕು ಎಂಬ ಪ್ರಶ್ನೆಗಳು ಅವನ ಹೆಗಲ ಮೇಲಿಲ್ಲ. ಎರಡನೆಯದು ಸ್ವಂತ ಮಗ್ಗ. ಇಲ್ಲಿ ನೂಲು ಕೊಳ್ಳುವವನು, ಬಣ್ಣ ಆರಿಸುವವನು, ನೇಯುವವನು, ಬೆಲೆ ಕಟ್ಟುವವನು, ಬಾಕಿ ವಸೂಲಿಗೆ ಅಲೆಯುವವನು ಒಬ್ಬನೇ. ಕಲಾವಿದ, ಕಾರ್ಮಿಕ, ವರ್ತಕ ಮತ್ತು ಗುಮಾಸ್ತ ಎಂಬ ನಾಲ್ಕು ವೇಷಗಳನ್ನು ಅವನು ಒಂದೇ ದಿನ ಹಾಕಿ ತೆಗೆಯುತ್ತಾನೆ.

ಈ ನಾಲ್ವರಲ್ಲಿ ಕಾರ್ಮಿಕನ ಧ್ವನಿಯೇ ದೊಡ್ಡದು. ಕೈಗೆ ಕೆಲಸವಿದ್ದರೆ ವ್ಯಾಪಾರ ಚೆನ್ನಾಗಿದೆ ಎಂದು ಅವನು ನಂಬುತ್ತಾನೆ. ಕೆಲಸ ಕಡಿಮೆಯಾದರೆ ದರ ಇಳಿಸಿಯಾದರೂ ಇನ್ನಷ್ಟು ಕೆಲಸ ಹಿಡಿಯುತ್ತಾನೆ. ಗುಮಾಸ್ತನ ಧ್ವನಿ ಕೇಳಿಸುವುದೇ ಇಲ್ಲ. ಮಗ್ಗದ ಜಾಗದಲ್ಲಿ ಗಣಕಯಂತ್ರವನ್ನೋ ಕ್ಯಾಮೆರಾವನ್ನೋ ಇಟ್ಟು ನೋಡಿದರೆ ಬೆಂಗಳೂರು, ಹುಬ್ಬಳ್ಳಿಗಳ ಸ್ವತಂತ್ರ ವಿನ್ಯಾಸಗಾರರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲವೆಂಬುದು ತಿಳಿಯುತ್ತದೆ. ಬಿಡುವಿಲ್ಲದ ದುಡಿಮೆ ಲಾಭದ ದುಡಿಮೆಯೇ ಆಗಿರಬೇಕೆಂದಿಲ್ಲ. ಇವೆರಡರ ನಡುವಿನ ಅಂತರವನ್ನು ತೋರಿಸಬಲ್ಲುದು ನಿಂತು ನೋಡುವ ಅಭ್ಯಾಸವೊಂದೇ.

ಖಣದ ಏಳುಬೀಳು ಕಲಿಸುವ ಪಾಠ

ಖಣದ ಬೇಡಿಕೆ ಒಂದೇ ದಿನದಲ್ಲಿ ಕುಸಿಯಲಿಲ್ಲ. ಕೃತಕ ನೂಲಿನ ಅಗ್ಗದ ಬಟ್ಟೆ ಬಂತು. ಸೀರೆಯೊಂದಿಗೆ ರವಿಕೆಯ ತುಂಡೂ ಸೇರಿ ಬರತೊಡಗಿತು. ಹೊಸ ತಲೆಮಾರಿನ ಉಡುಗೆ ಬದಲಾಯಿತು. ವಿದ್ಯುತ್ ಮಗ್ಗದಲ್ಲಿ ನೇಯ್ದ ಅನುಕರಣೆಗಳು ಕಡಿಮೆ ಬೆಲೆಗೆ ಪೇಟೆ ಸೇರಿದವು. ಒಂದೊಂದೂ ನಿಧಾನವಾಗಿ, ಮೊದಲೇ ಸೂಚನೆ ಕೊಡುತ್ತ ಬಂದ ಬದಲಾವಣೆ. ದಿನದಿನದ ದುಡಿಮೆಯಲ್ಲಿ ಮುಳುಗಿದವರ ಕಣ್ಣಿಗೆ ಇಂತಹ ನಿಧಾನದ ಬದಲಾವಣೆ ಬೀಳುವುದಿಲ್ಲ. ಈ ತಿಂಗಳಿಗೂ ಕಳೆದ ತಿಂಗಳಿಗೂ ವ್ಯತ್ಯಾಸ ಅಲ್ಪವೇ. ಈ ವರ್ಷಕ್ಕೂ ಐದು ವರ್ಷಗಳ ಹಿಂದಿಗೂ ಇರುವ ವ್ಯತ್ಯಾಸ ಮಾತ್ರ ಅಪಾರ. ಐದು ವರ್ಷಗಳ ಹಿಂದಿನ ಬರಹ ಕೈಯಲ್ಲಿದ್ದವನಿಗಷ್ಟೇ ಅದು ಕಾಣುತ್ತದೆ.

ಈ ಶತಮಾನದ ಎರಡನೆಯ ದಶಕದಿಂದೀಚೆಗೆ ಖಣಕ್ಕೆ ಹೊಸ ಜೀವ ಬಂದುದೂ ಒಂದು ಪ್ರಶ್ನೆಯಿಂದಲೇ. 'ಖಣವನ್ನು ಕುಪ್ಪಸಕ್ಕೆ ಮಾತ್ರ ಏಕೆ ಬಳಸಬೇಕು?' ಎಂದು ಕೆಲವು ನೇಕಾರರೂ ಯುವ ವಿನ್ಯಾಸಗಾರರೂ ಕೇಳಿಕೊಂಡರು. ಖಣದ ಸೀರೆ, ಕೈಚೀಲ, ತೋರಣ, ಪುಸ್ತಕದ ಹೊದಿಕೆ, ಕಿವಿಯೋಲೆ ಇತ್ಯಾದಿಗಳು ಪೇಟೆಗೆ ಬಂದವು. ಮಹಾರಾಷ್ಟ್ರದಲ್ಲಿ ಯುಗಾದಿಯ ಗುಡಿಗೆ ಉಡಿಸಲು, ಗಣೇಶನ ಹಬ್ಬದ ಅಲಂಕಾರಕ್ಕೆ ಖಣದ ಬಳಕೆಯಿದೆ. ಬಟ್ಟೆ ಮೊದಲಿನದೇ, ಚಿತ್ತಾರವೂ ಬಹುಮಟ್ಟಿಗೆ ಮೊದಲಿನದೇ. ಯಾರಿಗಾಗಿ, ಯಾವುದಕ್ಕಾಗಿ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ಹೊಸದು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೇ ಸೀಮೆಯಲ್ಲಿದೆ. ಪ್ರತಿವರ್ಷ ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬಳಿ ನಡೆಯುವ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಬೀಡುಬಿಡುತ್ತವೆ. ಅವುಗಳಿಗೆ ಪರದೆ, ಫಲಕ ಬರೆದುಕೊಡುವ ಕುಂಚ ಕಲಾವಿದರಿಗೆ ಅದು ಸುಗ್ಗಿಯ ಕಾಲವಾಗಿತ್ತು. ಫ್ಲೆಕ್ಸ್ ಮುದ್ರಣ ಬಂದ ಕೆಲವೇ ವರ್ಷಗಳಲ್ಲಿ ಊರೂರುಗಳ ಫಲಕ ಬರಹದ ಕಸುಬು ಕುಗ್ಗಿಹೋಯಿತು. ಆ ಕಲಾವಿದರಲ್ಲಿ ಅಕ್ಷರವಿನ್ಯಾಸದ ಜ್ಞಾನ, ಬಣ್ಣದ ತಿಳಿವಳಿಕೆ, ಮುಖಚಿತ್ರದ ಪರಿಣತಿ ಎಲ್ಲವೂ ಇದ್ದವು. ತನ್ನಲ್ಲಿರುವ ಬಂಡವಾಳ ಕುಂಚವೋ ಕಣ್ಣೋ ಎಂದು ಕೇಳಿಕೊಂಡವನಿಗೆ ಹೊಸ ಯಂತ್ರದ ಮುಂದೆಯೂ ಸ್ಥಾನವಿತ್ತು. ಕುಂಚವೇ ತನ್ನ ಸರ್ವಸ್ವವೆಂದು ತಿಳಿದವನ ಪಾಲಿಗೆ ಯಂತ್ರ ಶತ್ರುವಾಯಿತು. ಚಿತ್ರ ಬರೆಯುವ, ಬರಹ ಹೆಣೆಯುವ ಗಣಕ ತಂತ್ರಾಂಶಗಳು ಬಂದಿರುವ ಈ ದಿನಗಳಲ್ಲಿ ಇಂದಿನ ವಿನ್ಯಾಸಗಾರರೂ ಇದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ.

ನಿಲ್ಲುವುದು ಯಾವಾಗ?

ಖಣದ ಚಿತ್ತಾರ ಮೂಡುವುದು ಹಾಸಿನ ಎಳೆಗಳಿಂದ. ಬುಟ್ಟಾದ ಅಂದಕ್ಕೆ ಬೇಕಾದ ಹೆಚ್ಚುವರಿ ಎಳೆಗಳನ್ನು ಹಾಸಿನಲ್ಲಿಯೇ ಸೇರಿಸಿಕೊಂಡು ಮಗ್ಗ ಹೂಡಲಾಗುತ್ತದೆ. ಒಮ್ಮೆ ಹಾಸು ಏರಿದ ಮೇಲೆ ನೇಕಾರ ಹೊಕ್ಕಿನ ಬಣ್ಣ ಬದಲಿಸಬಲ್ಲನೇ ಹೊರತು ಮೂಲ ವಿನ್ಯಾಸವನ್ನು ಸುಲಭವಾಗಿ ಬದಲಿಸಲಾರ. ಆ ಹಾಸು ಮುಗಿಯುವವರೆಗೂ ಅದೇ ದಾರಿ. ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸುವ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ಬಣ್ಣ ಯಾವುದು, ಚಿತ್ತಾರ ಯಾವುದು, ಎಷ್ಟು ಉದ್ದ, ಯಾರಿಗಾಗಿ ಎಂಬ ನಿರ್ಧಾರಗಳೆಲ್ಲ ಅದಕ್ಕೆ ಮುನ್ನವೇ ಆಗಬೇಕು. ಹಾಸಿನ ನಡುವೆ ಹೊಳೆದ ವಿಚಾರ ಎಷ್ಟೇ ಒಳ್ಳೆಯದಾದರೂ ಅದನ್ನು ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ಹಾಸಿನ ವೇಳೆಗೆ ಮರೆತುಹೋಗಿರುತ್ತದೆ.

ಸ್ವತಂತ್ರ ಕಲಾವೃತ್ತಿಯಲ್ಲಿ ತೊಡಗಿದ ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ಒಪ್ಪಿಕೊಂಡ ಕೆಲಸದ ನಡುವೆ ದರ, ಅವಧಿ, ಷರತ್ತುಗಳನ್ನು ಬದಲಿಸುವುದು ಕಷ್ಟ. ಒಂದು ಕೆಲಸ ಮುಗಿದು ಇನ್ನೊಂದು ಆರಂಭವಾಗುವ ಸಂಧಿಯಲ್ಲಿ ಅದು ಸಾಧ್ಯ. ದುರ್ದೈವವೆಂದರೆ ಕೆಲಸ ಬಿಟ್ಟುಹೋದೀತೆಂಬ ಭಯದಿಂದ ಅನೇಕರು ಆ ಸಂಧಿಯನ್ನೇ ಅಳಿಸಿಹಾಕುತ್ತಾರೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಹಳೆಯ ದರಕ್ಕೆ, ಹಳೆಯ ಷರತ್ತಿಗೆ ಒಪ್ಪಿಕೊಳ್ಳುತ್ತಾರೆ. ವರ್ಷಗಟ್ಟಲೆ ಹೀಗೆಯೇ ನಡೆದು, ಬದಲಾವಣೆಗೆ ಅವಕಾಶವೇ ಸಿಗಲಿಲ್ಲವೆಂದು ಕೊನೆಗೆ ಹಳಹಳಿಸುತ್ತಾರೆ.

ನಿಯತವಾಗಿ ನಿಲ್ಲುವುದು ಈ ನಾಡಿಗೆ ಹೊಸದಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡದಿರುವ ಪದ್ಧತಿಯನ್ನು ಒಕ್ಕಲುಮಕ್ಕಳು ಕೆಲಸವೆಷ್ಟೇ ಇದ್ದರೂ ಪಾಲಿಸಿಕೊಂಡು ಬಂದರು. ಮಹಾನವಮಿಗೆ ಆಯುಧಗಳನ್ನು ತೊಳೆದು ಪೂಜಿಸುವಾಗ ಸವೆದುದು ಯಾವುದು, ಮುರಿದುದು ಯಾವುದು ಎಂಬುದು ಕಣ್ಣಿಗೆ ಬೀಳುತ್ತದೆ. ದೀಪಾವಳಿಗೆ ವರ್ತಕರು ಲಕ್ಷ್ಮೀಪೂಜೆ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಆದರೆ ಪುಸ್ತಕಕ್ಕೆ ಕುಂಕುಮ ಹಚ್ಚಿದಷ್ಟು ಶ್ರದ್ಧೆಯಿಂದ ಕಳೆದ ವರ್ಷದ ಪುಟಗಳನ್ನು ತಿರುವಿ ನೋಡುವವರು ಎಷ್ಟು ಮಂದಿ? ಪೂಜೆ ಉಳಿದು ಓದು ಮರೆಯಾಗಿದ್ದರೆ ಆ ಸಂಪ್ರದಾಯದ ಅರ್ಧ ಭಾಗ ಮಾತ್ರ ಉಳಿದಂತಾಯಿತು.

ದಿನಕ್ಕೆ ಐದು ನಿಮಿಷದ ಟಿಪ್ಪಣಿ, ತಿಂಗಳಿಗೆ ಅರ್ಧ ದಿನದ ಪರಿಶೀಲನೆ, ವರ್ಷಕ್ಕೆ ಒಂದು ಪೂರ್ಣ ದಿನದ ಸಿಂಹಾವಲೋಕನ ಎಂದು ನಿಗದಿ ಮಾಡಿಕೊಂಡರೆ ಸಾಕು. ತಿಂಗಳ ದಿನ ಅಮಾವಾಸ್ಯೆಯಾಗಲಿ, ಕೊನೆಯ ಶನಿವಾರವಾಗಲಿ, ಅದು ಮೊದಲೇ ಗೊತ್ತಾಗಿರಬೇಕು. ಕಷ್ಟ ಬಂದಾಗ ಮಾತ್ರ ಲೆಕ್ಕಕ್ಕೆ ಕೂರುವವನಿಗೆ ಕಷ್ಟವೊಂದೇ ಕಾಣುತ್ತದೆ. ಸುಗ್ಗಿಯಲ್ಲಿಯೂ ಕೂರುವವನಿಗೆ ಕಾರಣವೂ ಕಾಣುತ್ತದೆ.

ಐದು ಪ್ರಶ್ನೆಗಳು

ಆತ್ಮಾವಲೋಕನಕ್ಕೆ ಕುಳಿತವನು ಏನನ್ನು ಕೇಳಿಕೊಳ್ಳಬೇಕು? ಕಸುಬಿಗೆ ತಕ್ಕಂತೆ ವಿವರಗಳು ಬೇರೆಯಾದರೂ ಐದು ಪ್ರಶ್ನೆಗಳು ಎಲ್ಲರಿಗೂ ಸಮಾನ.

1. ಹಣ ಎಲ್ಲಿಂದ ಬಂತು, ಎಲ್ಲಿ ನಿಂತಿದೆ? ಕೈಗೆ ಬಂದ ಹಣ ಬೇರೆ, ಗಳಿಸಿದ ಹಣ ಬೇರೆ. ಮುಂಗಡವಾಗಿ ಬಂದದ್ದು ಇನ್ನೂ ಗಳಿಕೆಯಲ್ಲ. ಬಾಕಿ ಉಳಿದದ್ದು ಇನ್ನೂ ಆದಾಯವಲ್ಲ. ಮನೆಯ ಖರ್ಚೂ ಕಸುಬಿನ ಖರ್ಚೂ ಒಂದೇ ಜೇಬಿನಿಂದ ಹೋಗುತ್ತಿದ್ದರೆ ಲಾಭನಷ್ಟ ತಿಳಿಯುವುದೇ ಇಲ್ಲ. ಎರಡು ಪ್ರತ್ಯೇಕ ಬ್ಯಾಂಕ್ ಖಾತೆಗಳನ್ನು ಇಡುವುದು ಈ ದಿಸೆಯಲ್ಲಿ ಮೊದಲ ಹೆಜ್ಜೆ. ಮೊಬೈಲಿನ ಮೂಲಕ ಹಣ ಪಾವತಿ ರೂಢಿಯಾಗಿರುವುದರಿಂದ ಬಂದ ಹಣದ ದಾಖಲೆ ತಾನಾಗಿ ಉಳಿಯುತ್ತಿದೆ. ಅದನ್ನು ಓದುವ ಶ್ರಮ ಮಾತ್ರ ಬಾಕಿ.

2. ವೇಳೆ ಯಾರ ಪಾಲಾಯಿತು? ಒಬ್ಬ ವಿನ್ಯಾಸಗಾರನಿಗೆ ಇಬ್ಬರು ಗಿರಾಕಿಗಳಿದ್ದಾರೆಂದು ಭಾವಿಸೋಣ. ಒಬ್ಬರು ಒಂದು ಕೆಲಸಕ್ಕೆ 8,000 ರೂಪಾಯಿ ಕೊಡುತ್ತಾರೆ. ಆದರೆ ನಾಲ್ಕು ಬಾರಿ ತಿದ್ದಿಸುತ್ತಾರೆ. ಮಾತುಕತೆ, ಪ್ರಯಾಣ, ತಿದ್ದುಪಡಿ ಎಲ್ಲ ಸೇರಿ 50 ಗಂಟೆ ಹಿಡಿಯುತ್ತದೆ. ಹಣ ಬರುವುದು ಮೂರು ತಿಂಗಳ ಮೇಲೆ. ಇನ್ನೊಬ್ಬರು ಕೊಡುವುದು 3,000 ರೂಪಾಯಿ. ಕೆಲಸ 10 ಗಂಟೆಗಳಲ್ಲಿ ಮುಗಿಯುತ್ತದೆ, ಹಣ ಅಂದೇ ಕೈಸೇರುತ್ತದೆ. ಮೊದಲನೆಯವರಿಂದ ಗಂಟೆಗೆ 160 ರೂಪಾಯಿ, ಎರಡನೆಯವರಿಂದ 300 ರೂಪಾಯಿ. ಆದರೂ ನೆನಪಿನಲ್ಲಿ ಮೊದಲನೆಯವರೇ ದೊಡ್ಡ ಗಿರಾಕಿ. ನೆನಪು ಮೊತ್ತವನ್ನು ಹಿಡಿದಿಡುತ್ತದೆ, ಗಂಟೆಗಳನ್ನು ಬಿಟ್ಟುಬಿಡುತ್ತದೆ; ಪುಸ್ತಕ ಎರಡನ್ನೂ ಹಿಡಿದಿಡುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ನೇಕಾರರ ಮನೆಯಲ್ಲಿ ಮಗ್ಗದ ಮೇಲೆ ಕೂರುವವನು ಒಬ್ಬನಾದರೂ ಕಂಡಿಕೆ ಸುತ್ತುವವರು, ನೂಲು ಬಿಡಿಸುವವರು, ಹಾಸು ಸಿದ್ಧಪಡಿಸಲು ನೆರವಾಗುವವರು ಮನೆಯ ಹೆಣ್ಣುಮಕ್ಕಳೂ ಹಿರಿಯರೂ. ಛಾಯಾಗ್ರಾಹಕನ ಮನೆಯಲ್ಲಿ ಗಿರಾಕಿಗಳ ಕರೆಗೆ ಉತ್ತರಿಸುವವರು, ವಿನ್ಯಾಸಗಾರ್ತಿಯ ಮನೆಯಲ್ಲಿ ಪಾರ್ಸಲ್ ಕಟ್ಟುವವರು ಇದ್ದೇ ಇರುತ್ತಾರೆ. ಈ ಗಂಟೆಗಳಿಗೆ ಬೆಲೆ ಕಟ್ಟದೆ ಹಾಕಿದ ದರ ನಿಜವಾದ ದರವಲ್ಲ. ಅಲ್ಲಿ ಲಾಭವೆಂದು ಕಾಣುವುದು ಹಲವೊಮ್ಮೆ ಮನೆಮಂದಿಗೆ ಕೊಡದೆ ಉಳಿದ ಕೂಲಿ.

3. ಎಷ್ಟು ಮಂದಿಯ ಮೇಲೆ ಈ ವೃತ್ತಿ ನಿಂತಿದೆ? ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಒಬ್ಬನೇ ಗಿರಾಕಿಯಿಂದ ಬರುತ್ತಿದ್ದರೆ ಆ ವೃತ್ತಿ ಹೆಸರಿಗಷ್ಟೇ ಸ್ವತಂತ್ರ. ಅದು ಕೂಲಿ ಮಗ್ಗಕ್ಕಿಂತಲೂ ಹೀನ. ಏಕೆಂದರೆ ಕೂಲಿಯ ಭರವಸೆಯೂ ಅಲ್ಲಿಲ್ಲ. ಒಂದೇ ಹಬ್ಬ, ಒಂದೇ ಪೇಟೆ, ಒಂದೇ ಮಧ್ಯವರ್ತಿ, ಒಂದೇ ಮಾರಾಟ ಜಾಲತಾಣ ಇವುಗಳ ಅವಲಂಬನೆಯೂ ಇಂತಹುದೇ.

4. ಕಸುಬು ಬೆಳೆಯಿತೆ? ಕಲಾವೃತ್ತಿಯಲ್ಲಿ ಹಣದ ಲೆಕ್ಕ ಸರಿಯಾಗಿದ್ದೂ ಕೈ ಜಡ್ಡುಗಟ್ಟಬಹುದು. ಬೇಡಿಕೆಯಿರುವ ಒಂದೇ ಚಿತ್ತಾರವನ್ನು ಮತ್ತೆ ಮತ್ತೆ ನೇಯುವುದರಿಂದ ಇಂದಿನ ಊಟ ನಡೆಯುತ್ತದೆ. ನಾಳೆಯ ಊಟಕ್ಕೆ ಹೊಸ ಚಿತ್ತಾರ ಬೇಕು. ಇದಕ್ಕೆ ಉತ್ತಮ ಸಾಧನ ಮಾದರಿ ಪುಸ್ತಕ. ನೇಯ್ದ ಪ್ರತಿಯೊಂದು ಬಗೆಯ ಒಂದು ಸಣ್ಣ ತುಂಡು, ಅದರ ಪಕ್ಕದಲ್ಲಿ ದಿನಾಂಕ, ನೂಲು, ಬಣ್ಣ, ಹಿಡಿದ ದಿನಗಳು, ಮಾರಿದ ಬೆಲೆ, ಕೊಂಡವರು ಏನೆಂದರು ಎಂಬ ಟಿಪ್ಪಣಿ ಇಷ್ಟನ್ನು ಇಟ್ಟುಕೊಂಡ ನೇಕಾರನ ಕೈಯಲ್ಲಿ ಹತ್ತು ವರ್ಷಗಳ ಬಳಿಕ ಯಾವ ಬ್ಯಾಂಕೂ ಕೊಡಲಾಗದ ಬಂಡವಾಳವಿರುತ್ತದೆ. ತಿರಸ್ಕೃತವಾದ ವಿನ್ಯಾಸಗಳನ್ನೂ ಅದರಲ್ಲಿ ಇಡಬೇಕು. ಒಂದು ಪೇಟೆ ಒಲ್ಲೆನೆಂದದ್ದನ್ನು ಇನ್ನೊಂದು ಪೇಟೆ ಕೇಳಿ ಪಡೆಯುವುದುಂಟು.

5. ದೇಹ ಮತ್ತು ಮನೆ ಹೇಗಿವೆ? ಕುಣಿಮಗ್ಗದಲ್ಲಿ ಕುಳಿತು ದುಡಿಯುವವರಿಗೆ ಮೊಣಕಾಲು, ಸೊಂಟ, ಕಣ್ಣುಗಳೇ ಯಂತ್ರದ ಭಾಗಗಳು. ಪರದೆಯ ಮುಂದೆ ಕುಳಿತವರಿಗೆ ಕುತ್ತಿಗೆ, ಮಣಿಕಟ್ಟು, ನಿದ್ರೆ. ಸ್ವತಂತ್ರ ವೃತ್ತಿಯಲ್ಲಿ ಸಂಬಳ ಸಹಿತ ರಜೆಯಿಲ್ಲ. ಮಲಗಿದ ದಿನ ಗಳಿಕೆಯೂ ಮಲಗುತ್ತದೆ. ಆದ್ದರಿಂದ ಆರೋಗ್ಯವನ್ನು ಖರ್ಚಿನ ಪಟ್ಟಿಯಿಂದ ತೆಗೆದು ಬಂಡವಾಳದ ಪಟ್ಟಿಗೆ ಸೇರಿಸಬೇಕು.

ಈ ಐದರ ಕೊನೆಗೆ ಒಂದು ನಿರ್ಧಾರ ಬರೆಯದೆ ಏಳಬಾರದು. ಮುಂದಿನ ತಿಂಗಳು ಬಿಡುವುದು ಯಾವುದು, ಹೊಸದಾಗಿ ಹಿಡಿಯುವುದು ಯಾವುದು ಎಂದು ಒಂದೊಂದು ಸಾಲು ಸಾಕು. ಮುಂದಿನ ಬಾರಿ ಕುಳಿತಾಗ ಮೊದಲು ಓದಬೇಕಾದದ್ದು ಆ ಸಾಲುಗಳನ್ನೇ. ನಿರ್ಧಾರದಲ್ಲಿ ಮುಗಿಯದ ಆತ್ಮಾವಲೋಕನ ಬರಿಯ ಚಿಂತೆಯಾಗಿ ಉಳಿಯುತ್ತದೆ.

ಕೇಳುವವರೊಬ್ಬರು ಬೇಕು

ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದರಲ್ಲಿ ಒಂದು ತೊಡಕಿದೆ. ಪ್ರಶ್ನಿಸುವವನೂ ಉತ್ತರಿಸುವವನೂ ಒಬ್ಬನೇ ಆದಾಗ ರಾಜಿ ಸುಲಭ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇದೇ ಜಿಲ್ಲೆಯಲ್ಲಿದೆ. ಕಾಯಕದ ಮಹತ್ವವನ್ನು ಸಾರಿದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಎಲ್ಲರಿಗೂ ತಿಳಿದದ್ದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಪ್ರಶ್ನಿಸಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದಳೆಂದು ಕಥೆಯಿದೆ. ಇದನ್ನು ನಿರ್ಲೋಭದ ನಿದರ್ಶನವೆಂದು ಹೇಳುವುದು ವಾಡಿಕೆ. ವೃತ್ತಿಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಅಂದಿನ ದುಡಿಮೆಯನ್ನು ಅಂದೇ ನೋಡಿ 'ಇದು ಹೇಗೆ ಬಂತು?' ಎಂದು ಕೇಳಬಲ್ಲವರೊಬ್ಬರು ಆ ಮನೆಯಲ್ಲಿದ್ದರು. ಆ ಪ್ರಶ್ನೆಗೆ ಕಿವಿಗೊಡುವ ದೊಡ್ಡತನ ಮಾರಯ್ಯನಲ್ಲಿತ್ತು.

ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ವೃತ್ತಿಯಿಂದ ಮುದ್ರಕ, ಸ್ವಂತ ಮುದ್ರಣಾಲಯ ನಡೆಸಿದವನು. 13 ಸದ್ಗುಣಗಳ ಪಟ್ಟಿಯನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ವಾರಕ್ಕೊಂದರಂತೆ ಗಮನಿಸುತ್ತ, ತಪ್ಪಿದ ಕಡೆ ಚುಕ್ಕೆ ಇಡುತ್ತಿದ್ದುದನ್ನು ಅವನೇ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ 'ಹನ್ಸೇ' ಎಂಬ ಪರಿಶೀಲನೆಯ ಪದ್ಧತಿಯಿದೆ; ಕೆಲಸ ಯಶಸ್ವಿಯಾದಾಗಲೂ ಕುಳಿತು ಕೊರತೆಗಳನ್ನು ಹುಡುಕುವುದು ಅದರ ವೈಶಿಷ್ಟ್ಯ. ದೊಡ್ಡ ಸಂಸ್ಥೆಗೆ ಇದಕ್ಕಾಗಿ ಸಿಬ್ಬಂದಿಯಿದೆ; ಒಂಟಿ ಕಲಾವಿದನಿಗೆ ಇಲ್ಲ. ಆದ್ದರಿಂದ ಒಂದೇ ಕಸುಬಿನ, ಆದರೆ ಪರಸ್ಪರ ಪೈಪೋಟಿಯಿಲ್ಲದ ಮೂವರೋ ನಾಲ್ವರೋ ತಿಂಗಳಿಗೊಮ್ಮೆ ಸೇರಿ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡುವ ಏರ್ಪಾಡು ಹಿತಕರ. ಅದಾಗದಿದ್ದರೆ ಮನೆಯೊಡತಿಯೇ ಯೋಗ್ಯ ಲೆಕ್ಕ ತಪಾಸಣಾಧಿಕಾರಿ. ಕಂಡಿಕೆ ಸುತ್ತಿದ ಕೈಗೆ ಪುಸ್ತಕ ತೆರೆಯುವ ಅಧಿಕಾರವೂ ಇರಬೇಕಾದುದು ನ್ಯಾಯ.

ಆತ್ಮಾವಲೋಕನದ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಅವಶ್ಯ. ಎಲ್ಲ ಕಷ್ಟಕ್ಕೂ ದುಡಿಯುವವನ ಅಜಾಗರೂಕತೆಯೇ ಕಾರಣವೆಂದು ಬಿಂಬಿಸಲು ಆತ್ಮಾವಲೋಕನದ ಉಪದೇಶ ನೆಪವಾಗಬಾರದು. ನೂಲಿನ ದರ ನೇಕಾರನ ಕೈಯಲ್ಲಿಲ್ಲ. ಖಣಕ್ಕೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದ್ದರೂ ಅನುಕರಣೆಯ ಮಾಲನ್ನು ಅವನೊಬ್ಬನೇ ತಡೆಯಲಾರ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿಯೇ ಬಂದಿದೆ. ಕಾಯ್ದೆಯ ಪಾಲನೆಯಾಗುವಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ. 2015ರಿಂದ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸಲಾಗುತ್ತಿದೆ; ಆದರೆ ಸುಮಾರು ಮೂರು ದಶಕಗಳ ಕಾಲ ನೇಕಾರರ ಅಹವಾಲು ಮಂಡಿಸಲು ವೇದಿಕೆಯಾಗಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು 2020ರಲ್ಲಿ ರದ್ದುಗೊಳಿಸಲಾಯಿತು. ಇಂತಹ ಸಂಗತಿಗಳಿಗೆ ನೇಕಾರನ ಲೆಕ್ಕದ ಪುಸ್ತಕದಲ್ಲಿ ಪರಿಹಾರವಿಲ್ಲ.

ಆದರೂ ಪುಸ್ತಕಕ್ಕೆ ಇಲ್ಲಿಯೂ ಒಂದು ಉಪಯೋಗವಿದೆ. ಯಾವುದು ತನ್ನ ತಪ್ಪು, ಯಾವುದು ತನ್ನದಲ್ಲ ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಹಗಲಿರುಳು ದುಡಿದೂ ಕೈ ಬರಿದಾದಾಗ ತನ್ನ ಯೋಗ್ಯತೆಯನ್ನೇ ಸಂಶಯಿಸುವ ಕಲಾವಿದನಿಗೆ, ಸಮಸ್ಯೆ ಯೋಗ್ಯತೆಯದಲ್ಲ, ಮೂರು ಕಡೆ ನಿಂತ ಬಾಕಿಯದು ಎಂದು ಕಾಗದದ ಮೇಲೆ ಕಂಡರೆ ಅದೊಂದು ಬಿಡುಗಡೆ. ಅಹವಾಲು ಹೇಳುವಾಗಲೂ ಅಂಕಿಅಂಶಗಳುಳ್ಳ ಮಾತಿಗೆ ತೂಕ ಹೆಚ್ಚು.

ವರ್ತಕರೂ ಕೇಳಿಕೊಳ್ಳಬೇಕಾದ ಪ್ರಶ್ನೆ

ಈ ಕಲಾವಿದರ ಗಿರಾಕಿಗಳಲ್ಲಿ ವಾಣಿಜ್ಯೋದ್ಯಮಿಗಳೇ ಪ್ರಮುಖರು. ಅಂಗಡಿಯ ಫಲಕ, ಉತ್ಪನ್ನದ ಪೊಟ್ಟಣ, ಹಬ್ಬದ ಜಾಹೀರಾತು, ಮಾರಾಟದ ಬಟ್ಟೆ ಎಲ್ಲವೂ ಇವರ ಕೈಯಿಂದ ಬಂದದ್ದು. ಆದ್ದರಿಂದ ಪ್ರಶ್ನೆ ಒಂದೇ ಕಡೆಗೆ ನಿಲ್ಲಲಾಗದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನಗಳೊಳಗೆ, ಹಣ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ ತೆರಬೇಕಾಗುತ್ತದೆ. ಇಂತಹ ಬಾಕಿಯನ್ನು ಕಾಲಮಿತಿಯೊಳಗೆ ಪಾವತಿಸದಿದ್ದರೆ ಆ ವೆಚ್ಚವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದೆಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಸೇರಿಸಿತು. ಕಾನೂನಿನ ಈ ರಕ್ಷಣೆ ಪಡೆಯಲು ಕಲಾವಿದರು 2020ರ ಜುಲೈ 1ರಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿ ಮಾಡಿಸಿಕೊಳ್ಳುವುದೂ, ಪ್ರತಿ ಕೆಲಸಕ್ಕೂ ಲಿಖಿತ ಒಪ್ಪಿಗೆ ಹಾಗೂ ದಿನಾಂಕವುಳ್ಳ ಬಿಲ್ಲು ಇಟ್ಟುಕೊಳ್ಳುವುದೂ ಅಗತ್ಯ. ತಿಂಗಳ ಪರಿಶೀಲನೆಯಲ್ಲಿ ಇದೂ ಒಂದು ಅಂಶವಾಗಿರಲಿ.

ಸಣ್ಣ ಊರುಗಳಲ್ಲಿ ಗಿರಾಕಿಯ ಮೇಲೆ ದಾವೆ ಹೂಡುವುದು ಸುಲಭವಲ್ಲವೆಂಬುದು ಎಲ್ಲರೂ ಬಲ್ಲ ಸತ್ಯ. ನಾಳೆಯೂ ಅವರ ಮುಖ ನೋಡಬೇಕು, ಅವರಿಂದಲೇ ಕೆಲಸ ಬರಬೇಕು. ಹೀಗಿರುವಾಗ ಕಾನೂನಿಗಿಂತ ವರ್ತಕರ ಸ್ವಯಂಶಿಸ್ತೇ ಹೆಚ್ಚು ಫಲಕಾರಿ. ದೀಪಾವಳಿಯ ಹೊಸ ಪುಸ್ತಕ ತೆರೆಯುವ ಮುನ್ನ ಪ್ರತಿಯೊಬ್ಬ ವರ್ತಕನೂ ಹಳೆಯ ಪುಸ್ತಕದಲ್ಲಿ ಕಲಾವಿದರಿಗೆ, ನೇಕಾರರಿಗೆ, ಛಾಯಾಗ್ರಾಹಕರಿಗೆ ಉಳಿಸಿಕೊಂಡ ಬಾಕಿಯನ್ನು ಹುಡುಕಿ ತೀರಿಸಿದರೆ ಅದಕ್ಕಿಂತ ಮಿಗಿಲಾದ ಲಕ್ಷ್ಮೀಪೂಜೆ ಇನ್ನೊಂದಿರದು. ವಾಣಿಜ್ಯ ಸಂಸ್ಥೆಗಳು ತಮ್ಮ ಸಭಾಂಗಣವನ್ನು ತಿಂಗಳಿಗೆ ಅರ್ಧ ದಿನ ಇಂತಹ ಸ್ವತಂತ್ರ ವೃತ್ತಿಯವರ ಲೆಕ್ಕದ ಕೂಟಕ್ಕೆ ಬಿಟ್ಟುಕೊಟ್ಟು, ಒಬ್ಬ ಲೆಕ್ಕ ಪರಿಶೋಧಕರ ನೆರವು ಒದಗಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ದೊಡ್ಡ ಉಪಕಾರವಾದೀತು.

ಖಣ ನೇಯುವ ಕೈಗಳು ಇಷ್ಟು ಕಾಲ ಉಳಿದದ್ದು ಪರಿಶ್ರಮದಿಂದ. ಮುಂದೆ ಉಳಿಯಲು ಪರಿಶ್ರಮದ ಜೊತೆಗೆ ಪರಿಶೀಲನೆಯೂ ಬೇಕು. ಹಾಸು ಮುಗಿಯುವುದು ನೇಕಾರನ ಬಾಳಿನಲ್ಲಿ ಮತ್ತೆ ಮತ್ತೆ ಬರುವ ಗಳಿಗೆ. ಹೊಸ ಎಳೆಗಳನ್ನು ಹಳೆಯ ಎಳೆಗಳಿಗೆ ಕೆಚ್ಚುವ ಮುನ್ನ ಅರ್ಧ ದಿನ ಕುಳಿತು ಪುಸ್ತಕ ತೆರೆದವನು ಮುಂದಿನ ಹಾಸನ್ನು ತಾನೇ ಆರಿಸುತ್ತಾನೆ. ತೆರೆಯದವನಿಗೆ ಅದನ್ನು ಇತರರು ಆರಿಸಿಕೊಡುತ್ತಾರೆ.